ಒಂದೇ ಕೈಬರಹದ ಇಪ್ಪತ್ತನಾಲ್ಕು ಹಾಳೆಗಳು

ದಾವಣಗೆರೆ
ಫೆಬ್ರುವರಿ ಮೂವತ್ತು, ಎರಡು ಸಾವಿರದ ನೂರ ಹದಿನೆಂಟು

ಮುತ್ತಜ್ಜಿ ವಿಶಾಲಾಕ್ಷಮ್ಮನವರಿಗೆ, ನಿಮ್ಮ ಮರಿಮೊಮ್ಮಗಳು ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ, ಬಡಪಾಯಿ ಫೆಬ್ರುವರಿಗೂ ಮೂವತ್ತು ದಿನ ಸಿಕ್ಕಿದೆ. ನಿಮಗೆ ಗೊತ್ತಿಲ್ಲದ ಪದಗಳು ಈ ಕಾಗದದಲ್ಲಿ ಬಂದಾವು, ಕ್ಷಮಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಮೊದಲನೆಯದು ಈ ಕಾಗದದ ಹೆಸರೇ. ಇದಕ್ಕೆ ಹಿಂದೋಲೆ ಎನ್ನುತ್ತಾರೆ, ಅಂದರೆ ತೀರಿಹೋದ ಹಿರಿಯರಿಗೆ ಅವರು ಬದುಕಿದ್ದ ಕಾಲಕ್ಕೆ ಕಳಿಸುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅವಕಾಶ, ತಲುಪುತ್ತದೆಂದು ಅಂಚೆಯವರೂ ಭರವಸೆ ಕೊಡುವುದಿಲ್ಲ. ಹೆಚ್ಚಿನವರು ಆಶೀರ್ವಾದ ಬೇಡಿ ಬರೆಯುತ್ತಾರೆ. ನಾನು ಜಗಳಕ್ಕೆ ಬರೆಯುತ್ತಿದ್ದೇನೆ. ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಶುರು ಮಾಡುವ ವಾಡಿಕೆ ನಮ್ಮಲ್ಲೂ ಉಳಿದಿದೆ. ಆ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾವು ಕ್ಷೇಮವಾಗಿಲ್ಲ.

ನನ್ನ ಮಗಳು ಸಂಪಿಗೆಗೆ ಹದಿನೇಳು ವರ್ಷ. ನೀವು ಊರಿನ ಹುಡುಗಿಯರಿಗೆ ಕಲಿಸಿದ ಖೋ ಖೋ ನಮ್ಮ ಮನೆಯ ಹೆಂಗಸರನ್ನೆಲ್ಲ ಹಾದು ಅವಳ ಕಾಲಿಗೆ ಬಂದಿದೆ. ಈಗ ಆಟವೆಲ್ಲ ಬೆಳಗ್ಗೆ ಎಂಟರೊಳಗೆ ಮುಗಿಯಬೇಕು. ಎಂಟಕ್ಕೆ ನೆರಳುಹಾಸು ಎಳೆಯುತ್ತಾರೆ, ಅದು ಬೀದಿಯಿಂದ ಬೀದಿಗೆ ಕಟ್ಟಿದ ಬಿಳಿ ಬಟ್ಟೆಯ ಚಪ್ಪರ. ಅದರ ಕೆಳಗೇ ನಮ್ಮ ಸಂತೆ, ಶಾಲೆ, ಮದುವೆ, ಹರಟೆ. ಬೆಣ್ಣೆದೋಸೆ ಉಳಿದಿದೆ. ಬೆಣ್ಣೆ ಮಾತ್ರ ಹಾಲಿನದಲ್ಲ, ಶೇಂಗಾದ್ದು. ಹೊಟ್ಟೆಗೆ ಮೋಸ ಗೊತ್ತಾಗುವುದಿಲ್ಲ, ನಾಲಿಗೆಗೆ ಗೊತ್ತಾಗುತ್ತದೆ. ಇಪ್ಪತ್ತು ದಿನಗಳ ಹಿಂದೆ ಜಿಲ್ಲಾ ಪಂದ್ಯದಲ್ಲಿ ಸಂಪಿಗೆ ಸಾಲಿನ ಐದನೆಯ ಚೌಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಹಿಂದಿನಿಂದ ಗೆಳತಿ ಖೋ ಕೊಟ್ಟಳು. ಇವಳು ಏಳಲಿಲ್ಲ. ಮತ್ತೆ ಬೆನ್ನು ಮುಟ್ಟಿ ಖೋ ಎಂದಾಗ ಮುಂದಕ್ಕೆ ವಾಲಿ ಮಣ್ಣಿಗೆ ಬಿದ್ದಳು. ಆಸ್ಪತ್ರೆಯಲ್ಲಿ ಅವಳ ಎದೆಗಟ್ಟನ್ನು ಕತ್ತರಿಸಿ ತೆಗೆದರು. ನೀವು ಸ್ಪೋರ್ಟ್ಸ್ ಬ್ರಾ ಎನ್ನುತ್ತಿದ್ದುದನ್ನು ನಾವು ಎದೆಗಟ್ಟು ಎನ್ನುತ್ತೇವೆ. ಅದರ ಕೆಳಗೆ ಮೈಸುತ್ತ ನೇರಳೆ ಬಣ್ಣದ ಬರೆ ಎದ್ದಿತ್ತು. “ಇದು ಒಂದ್ ದಿನದ್ದಲ್ಲವ್ವ, ವರ್ಷಗಟ್ಟಲೆ ಒತ್ತಿದ್ದು. ಪುಪ್ಪುಸ ತುಂಬೋಕೇ ಬಿಟ್ಟಿಲ್ಲ ಇದು,” ಎಂದರು ವೈದ್ಯೆ. ಸಂಪಿಗೆ ಬದುಕಿದ್ದಾಳೆ. ಆದರೆ ಅಂಗಣದ ಕಡೆ ತಲೆ ಹಾಕಿ ಮಲಗುವುದಿಲ್ಲ, ನನ್ನೊಡನೆ ಮಾತೂ ಇಲ್ಲ.

ನಮ್ಮ ಕಾಲದಲ್ಲಿ ದರ್ಜಿಗಳಿಲ್ಲ. ಪ್ರತಿ ಓಣಿಯಲ್ಲೂ ಒಂದು ನೂಲುಪೆಟ್ಟಿಗೆ ಇದೆ. ಒಳಗೆ ಹೋಗಿ ಕೈಚಾಚಿ ನಿಂತರೆ ಅದೇ ಮೈ ಅಳೆದು, ದೋಸೆ ಮಗುಚುವಷ್ಟರಲ್ಲಿ ಬಟ್ಟೆ ನೇಯ್ದು ಕೊಡುತ್ತದೆ. ಅಳತೆ ಪ್ರತಿಸಲ ಹೊಸದು. ಬಿಗಿ ಮಾತ್ರ ಹೊಸದಲ್ಲ. ಅದಕ್ಕೆ ತಾಳಿಕೆ ಎಂಬ ಒಂದು ಅಂಕೆ ಇದೆ, ಅಂದರೆ ಆಡುವ ಹೆಣ್ಣಿನ ಎದೆಗೂಡು ಎಷ್ಟು ಬಿಗಿಯನ್ನು ತಾಳಬಲ್ಲದು ಎಂಬ ಲೆಕ್ಕ. ಅದಕ್ಕೆ ತಕ್ಕಂತೆ ನೇಯ್ದ ಎದೆಗಟ್ಟು ಇಲ್ಲದವಳನ್ನು ಯಾವ ಪಂದ್ಯಕ್ಕೂ ಇಳಿಸುವುದಿಲ್ಲ. ಗಂಡುಮಕ್ಕಳ ಬಟ್ಟೆಗೆ ತಾಳಿಕೆ ಇಲ್ಲ. ಅವರು ಮೊದಲ ವಾರವೇ ಪೆಟ್ಟಿಗೆಗೆ ಬಾಯಿತುಂಬ ಬೈದು ಸಡಿಲ ಮಾಡಿಸಿಕೊಂಡರಂತೆ. ಹೆಂಗಸರ ಅಂಕೆ ಎಲ್ಲಿಂದ ಬಂತೆಂದು ಆಸ್ಪತ್ರೆಯಿಂದ ಬಂದ ಮೇಲೆ ಹುಡುಕಿದೆ. ಬೇರು ನಮ್ಮ ಹಿತ್ತಲಲ್ಲೇ ಇತ್ತು.

ನಿಮ್ಮ ಗುರುವಾರದ ವ್ಯಾಪಾರಿ ಕೂಟ ಇಂದಿಗೂ ನಡೆಯುತ್ತಿದೆ, ಮುತ್ತಜ್ಜಿ. ಬೆಳಗ್ಗೆ ಏಳಕ್ಕೆ ಹೋಟೆಲಿನ ಮಹಡಿಯಲ್ಲಿ ಸೇರುತ್ತೇವೆ. ಒಂದೊಂದು ಕಸುಬಿಗೆ ಒಬ್ಬೊಬ್ಬರೇ ಸದಸ್ಯರು. ಒಬ್ಬರು ಇನ್ನೊಬ್ಬರಿಗೆ ಗಿರಾಕಿಯ ಪರಿಚಯ ಮಾಡಿಸುವುದು, ಎದ್ದು ನಿಂತು ಒಂದು ನಿಮಿಷ ಧನ್ಯವಾದ ಹೇಳುವುದು, ಚಪ್ಪಾಳೆ. ಕೂಟದವರ ಸರಕಿನ ಬಗ್ಗೆ ಕೂಟದ ಮೇಜಿನಲ್ಲಿ ಕೆಟ್ಟ ಮಾತು ಆಡಬಾರದೆಂಬ ಬರೆಯದ ನಿಯಮ ಆಗಲೂ ಇತ್ತು, ಈಗಲೂ ಇದೆ. ನೀವು ಖೋ ಖೋ ತರಬೇತಿಯವರಾಗಿ ಸೇರಿದ್ದಿರಿ. ಕೊಟ್ರೇಶಣ್ಣ ಗಾರ್ಮೆಂಟ್ಸ್‌ನವರಾಗಿ ಸೇರಿದ್ದರು. ಅವರು ಹೆಂಗಸರ ಆಟದ ಬಟ್ಟೆ ಹೊಲಿಯುವುದು, ನಿಮ್ಮ ಇಪ್ಪತ್ತನಾಲ್ಕು ಹುಡುಗಿಯರು ಆರು ವಾರ ಹಾಕಿಕೊಂಡು ಆಡಿ ಹೇಗಿದೆಯೆಂದು ಹೇಳುವುದು ಎಂದು ಕೂಟದಲ್ಲೇ ಒಪ್ಪಂದವಾಯಿತು. ಎಂಥ ಒಳ್ಳೆಯ ಯೋಚನೆ. ಅಲ್ಲಿಯವರೆಗೆ ಆಡುವ ಹೆಣ್ಣಿನ ಮೈಯನ್ನು ಯಾರು ಕೇಳಿದ್ದರು?

ನೀವೂ ಕೇಳಲಿಲ್ಲ. ಹುಡುಗಿಯರು ತಮ್ಮ ಅಭಿಪ್ರಾಯ ಬರೆಯಬೇಕಿದ್ದ ಹಾಳೆಗಳು ಇಂದಿಗೂ ಕೂಟದ ಪೆಟ್ಟಿಗೆಯಲ್ಲಿವೆ. ಹೋದ ವಾರ ಒಂದೊಂದಾಗಿ ತಿರುವಿದೆ. ಇಪ್ಪತ್ತನಾಲ್ಕು ಹುಡುಗಿಯರ ಹೆಸರು, ಒಂದೇ ಕೈಬರಹ, ಒಂದೇ ಪೆನ್ನು, ಪ್ರತಿ ಹಾಳೆಯಲ್ಲೂ ‘ಚೆನ್ನಾಗಿದೆ’. ಒಂದರ ಮೇಲೆ ಚಟ್ನಿಯ ಕಲೆ. ನಿಮ್ಮ ಮಗಳು, ಅಂದರೆ ನನ್ನ ಅಜ್ಜಿ ಸಿಂಚನಾಳ ಹಾಳೆಯಲ್ಲಿ ಮಾತ್ರ ‘ಬಿಗಿ’ ಎಂದು ಬರೆದು ಹೊಡೆದುಹಾಕಿ, ಪಕ್ಕದಲ್ಲಿ ‘ಚೆನ್ನಾಗಿದೆ’ ಎಂದಿದೆ. ಅಜ್ಜಿ ನನಗೆ ಹೇಳಿದ್ದರು. ಹದಿನಾಲ್ಕು ವರ್ಷದ ಅವರು ಭುಜ ಉಜ್ಜಿಕೊಳ್ಳುತ್ತಾ ಉಸಿರು ಕಟ್ಟುತ್ತದೆ ಎಂದಾಗ ನೀವು, “ಕೊಟ್ರೇಶಣ್ಣ ಏನಂದ್ಕೊಂತಾರೆ? ಹಾಕ್ಕೊಂಡು ಓಡು, ಮೈಗೆ ರೂಢಿ ಆಗ್ತತಿ,” ಎಂದಿರಂತೆ. ನಿಮ್ಮ ಸಂಕಟ ನನಗೆ ತಿಳಿಯದ್ದಲ್ಲ. ಬರಿಗಾಲಲ್ಲಿ ಓಡುತ್ತಿದ್ದ ನಿಮ್ಮ ಹುಡುಗಿಯರಿಗೆ ಶೂ ಕೊಡಿಸಿದವರು ಅವರು, ಮೂರು ಶಾಲೆಗಳಿಗೆ ನಿಮ್ಮನ್ನು ಪರಿಚಯಿಸಿದವರು ಅವರು. ಉಂಡ ಮನೆಗೆ ಎರಡು ಬಗೆಯಬಾರದೆಂದು ನೀವು ಮಗಳ ಮಾತಿನ ಮೇಲೆ ಗೀಟು ಎಳೆದಿರಿ.

ಮುಂದೆ ದೊಡ್ಡ ಕಂಪನಿಗಳು ಕೊಟ್ರೇಶಣ್ಣನ ಮಾದರಿಯನ್ನೇ ಹಿಡಿದವು. ಇಪ್ಪತ್ತನಾಲ್ಕು ಜನ ಆಡಿ ನೋಡಿದ್ದಾರೆ, ಒಂದೂ ದೂರಿಲ್ಲ ಎಂದವು. ಆಮೇಲೆ ನೂಲುಪೆಟ್ಟಿಗೆಗಳಿಗೂ ಆ ಬಿಗಿಯನ್ನೇ ತಾಳಿಕೆಯೆಂದು ಕಲಿಸಿದರು. ಬಿಗಿಯಾಯಿತೆಂದ ಹೆಂಗಸರಿಗೆಲ್ಲ ಆ ಹಾಳೆ ತೋರಿಸಿದರು. ನನ್ನ ಎದೆಯಲ್ಲಿ ಕುಟುಕುವ ವಿಷಯ ಇನ್ನೊಂದಿದೆ. ಮುಪ್ಪಿನಲ್ಲಿ ಕೊಟ್ರೇಶಣ್ಣನಿಗೆ ಅಜ್ಜಿ ಇದನ್ನು ಹೇಳಿದಾಗ ಅವರು ಕಣ್ಣಲ್ಲಿ ನೀರು ತಂದುಕೊಂಡು, “ಅವತ್ತೇ ಒಂದ್ ಮಾತು ಹೇಳಿದ್ರೆ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಡ್ತಿದ್ನಲ್ಲವ್ವಾ,” ಎಂದರಂತೆ. ಆ ಮನುಷ್ಯನಿಗೆ ಸಿಟ್ಟು ಬರುತ್ತಿರಲಿಲ್ಲ. ಅರ್ಧ ಇಂಚು ಬಟ್ಟೆ ಸಾಕಿತ್ತು.

ಈಗ ನನ್ನ ತಪ್ಪು ಹೇಳುತ್ತೇನೆ. ನಿಮ್ಮನ್ನೊಬ್ಬರನ್ನೇ ಬೈದರೆ ಅದೂ ಸುಳ್ಳು ಹಾಳೆಯೇ ಆಗುತ್ತದೆ. ತಾಳಿಕೆಯನ್ನು ಹತ್ತು ವರ್ಷಕ್ಕೊಮ್ಮೆ ಊರ್ಜಿತಗೊಳಿಸಬೇಕು. ಮೊದಲು ಪರೀಕ್ಷೆ ಮಾಡಿದವರ ವಂಶದವರು ಕೂಟದಲ್ಲಿ ಎದ್ದು ‘ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕುವುದು ಪದ್ಧತಿ. ಹತ್ತು ವರ್ಷದ ಹಿಂದೆ ನಾನು ಹಾಕಿದೆ. ಹಾಳೆ ಓದಲಿಲ್ಲ, ಕಾಫಿ ಆರುತ್ತಿತ್ತು. ಬಿಗಿಯಾಗುತ್ತದೆಂದು ಸಂಪಿಗೆ ಹನ್ನೆರಡನೆಯ ವಯಸ್ಸಿನಿಂದ ನನಗೆ ಹೇಳುತ್ತಲೇ ಇದ್ದಳು. ಮೂರು ಸಲ ನನಗೆ ಸ್ಪಷ್ಟವಾಗಿ ನೆನಪಿದೆ, ಒಮ್ಮೆ ಅತ್ತುಕೊಂಡೇ ಹೇಳಿದ್ದಳು. ಮೂರು ಸಲವೂ ನಾನು, “ಮೈಗೆ ರೂಢಿ ಆಗ್ತತಿ,” ಎಂದೆ. ನಿಮ್ಮನ್ನು ಕಂಡವಳಲ್ಲ ನಾನು. ಆ ಮಾತು ಮಾತ್ರ ನಿಮ್ಮ ಬಾಯಿಂದ ನನ್ನ ಬಾಯಿಗೆ ಒಂದಕ್ಷರ ಸವೆಯದೆ ಬಂದಿದೆ. ನನಗೆ ನಾಚಿಕೆಯಾಗುತ್ತಿದೆ.

ನಾಳೆ ಗುರುವಾರ, ಹತ್ತು ವರ್ಷ ತುಂಬಿ ಮತ್ತೆ ಸಹಿಗೆ ಹಾಳೆ ಬರುತ್ತದೆ. ಕೂಟದಲ್ಲಿ ನನ್ನ ಬಲಕ್ಕೆ ಕೂರುವ ನೂಲುಪೆಟ್ಟಿಗೆಯ ಒಡತಿ ಈ ಇಪ್ಪತ್ತು ದಿನವೂ ನಮ್ಮ ಮನೆಗೆ ಗಂಜಿ ಕಳಿಸಿದ್ದಾಳೆ. ಆದರೂ ನಾಳೆ ನಾನು ಬರೆಯುವುದು ‘ಬಿಗಿ’ ಎಂದೇ.

ಈ ಓಲೆ ನಿಮ್ಮ ಕೈಸೇರುವುದಾದರೆ ಎರಡು ಸಾವಿರದ ಇಪ್ಪತ್ತಾರರ ಒಂದು ಬುಧವಾರ ಸೇರುತ್ತದೆ, ಹಾಳೆ ತುಂಬುವ ಹಿಂದಿನ ದಿನ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಒಂದೇ ಕೋರಿಕೆ. ಆ ಪೆನ್ನನ್ನು ಹುಡುಗಿಯರ ಕೈಗೆ ಕೊಡಿ, ಮೊದಲು ಸಿಂಚನಾಳ ಕೈಗೆ.

ಇಷ್ಟು ಬರೆದು ಮುಗಿಸುವಾಗ ಹೊರಗೆ ಮಧ್ಯಾಹ್ನದ ಉರಿ, ಬೀದಿಯೆಲ್ಲ ಖಾಲಿ. ಗೋಡೆಯಾಚೆ ಸಂಪಿಗೆ ಮಗ್ಗುಲು ಬದಲಿಸಿದ್ದು ಕೇಳಿಸಿತು. ತೊಂಬತ್ತೆರಡು ವರ್ಷ ಹಿಂದಿರುವ ನಿಮಗೆ ನಾಲ್ಕು ಪುಟ ಬರೆದೆ. ನಾಲ್ಕು ಹೆಜ್ಜೆ ಆಚೆ ಇರುವ ಅವಳಿಗೆ ತಪ್ಪಾಯಿತೆಂದು ಇನ್ನೂ ಹೇಳಿಲ್ಲ. ನಾಳೆ ಹಾಳೆಯಲ್ಲಿ ಬರೆಯುವ ಮೊದಲು ಎಲ್ಲಿ ಬಿಗಿ, ಎಷ್ಟು ಬಿಗಿ ಎಂದು ಅವಳನ್ನೂ ಕೇಳಿಲ್ಲ. ಮತ್ತೆ ನಾನೇ ಬರೆಯಲು ಹೊರಟಿದ್ದೆ.

ಓಲೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ, ಮುತ್ತಜ್ಜಿ. ಪೆನ್ನು ಅವಳಿಗೆ ಬೇಕು.

ನಿಮ್ಮ
ನೀಲಾಂಬಿಕೆ