ಸೋಮವಾರದ ಹದಿಮೂರು ಸೆಕೆಂಡು

ಜುಲೈ 7, ಸೋಮವಾರ. ಬೆಳಿಗ್ಗೆ 7.40

ಇಳಕಲ್ಲಿನ ಕಾಲೇಜು ಮೈದಾನದಿಂದ ಈಗ ಬಂದೆವು. ನಾಲ್ಕು ಸುತ್ತು, ಸಾವಿರದ ಆರುನೂರು ಮೀಟರ್. ಮೊಬೈಲಿನ ಸ್ಟಾಪ್‌ವಾಚ್ ಎಂದಿನಂತೆ ನನ್ನ ಕೈಯಲ್ಲಿ. ಬಂದದ್ದು 6:43. ಪಾಸಾಗಲು ಬೇಕಾದದ್ದು 6:30. ಇವರು ಮೊಣಕಾಲು ಹಿಡಿದು ಬಗ್ಗಿ ನಿಂತು, "ಎಷ್ಟಾತು, ರಾಜಶ್ರೀ?" ಎಂದರು.

"ಆರು ಇಪ್ಪತ್ತೊಂಬತ್ತು," ಅಂದುಬಿಟ್ಟೆ.

ಯಾಕೆ ಸುಳ್ಳು ಹೇಳಿದೆನೋ... ಆ ಮುಖ ನೋಡಿ ಬಾಯಿಗೆ ಬಂತು. ಪೊಲೀಸ್ ದೈಹಿಕ ಪರೀಕ್ಷೆ 28ಕ್ಕೆ, ಬಾಗಲಕೋಟೆಯಲ್ಲಿ. ವಯಸ್ಸಿನ ಮಿತಿ ಮುಗಿಯುತ್ತ ಬಂತು, ಗಂಡನಿಗೆ ಇದೇ ಕೊನೆಯ ಅವಕಾಶ. ತಪ್ಪಿದರೆ ಜನ್ಮವಿಡೀ ಗ್ರಾನೈಟ್ ಫ್ಯಾಕ್ಟರಿಯ ಧೂಳು. ಈಗಲೇ ಕೆಮ್ಮು ಶುರುವಾಗಿದೆ. ನನಗೆ ಹೆದರಿಕೆ.

ಜುಲೈ 9, ಬುಧವಾರ

6:34. "ಇಪ್ಪತ್ತೆಂಟು" ಎಂದೆ. ಸಿಳ್ಳೆ ಹಾಕುತ್ತ ಫ್ಯಾಕ್ಟರಿಗೆ ಹೋದರು.

ಜುಲೈ 14, ಸೋಮವಾರ

6:47! ಇವರಿಗೆ ಮತ್ತೆ "ಇಪ್ಪತ್ತೊಂಬತ್ತು" ಅಂದೆ. ಮೂರನೇ ಸುತ್ತಿಗೆ ಮೀನಖಂಡ ಹಿಡಿದುಕೊಂಡಿತು. ಪರೀಕ್ಷೆಗೆ ಬೇಕಾದ ಗುಂಡು ಎಸೆತವೂ ಒಂದಡಿ ಕಡಿಮೆ. ಬಾಯಿ ಮಾತ್ರ ಒಣಗಿ ಒಣಗಿ ನೀರು, ನೀರು.

"ನನ್ನ ಮಗಗ ಯಾರದೋ ನೆದರ ಬಿದ್ದೈತಿ," ಎಂದು ಅತ್ತೆ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಶಕ್ತಿ ಬರಲಿ ಎಂದು ಅಮೀನಗಡದ ಕರದಂಟು ಬೇರೆ, ದಿನಕ್ಕೆರಡು. ಪಾಪ. ನೆದರಲ್ಲ ಅತ್ತೆ, ಭಾನುವಾರ. ಈ ಡೈರಿ ತಿರುವಿ ನೋಡಿದೆ — ಯಾವಾಗಲೂ ಸೋಮವಾರದ್ದೇ ಕೆಟ್ಟ ಟೈಮ್. ರಜೆಯ ಸಂಜೆ ಫ್ಯಾಕ್ಟರಿಯ ಗೆಳೆಯ ಅನಿಲಕುಮಾರನ ಜೊತೆ "ಒಂದೆರಡ ಕ್ವಾರ್ಟರ್".

ಬಾಗಲಕೋಟೆಯಲ್ಲಿ ನರ್ಸ್ ಆಗಿರುವ ವಿದ್ಯಾ ಅಕ್ಕನಿಗೆ ಫೋನ್ ಮಾಡಿದೆ. "ನಿಶಾ ಇಳಿದ್ರ ಮುಗೀತಂತ ತಿಳೀಬ್ಯಾಡ. ಮೈಯಾಗಿನ ನೀರು ಹೋಗಿರ್ತೈತಿ, ನಿದ್ದಿ ಸರಿ ಆಗಿರಂಗಿಲ್ಲ. ಸುಧಾರಿಸ್ಕೊಳ್ಳಾಕ ಒಂದೆರಡು ದಿನ ಬೇಕು. ಬಿಡಸು ಅದನ್ನ."

ಬಿಡಿಸುವುದಂತೆ! ಹೇಳುವವರಿಗೇನು.

ಜುಲೈ 20, ಭಾನುವಾರ. ಸಂಜೆ

ಹೊರಟವರನ್ನು ಬಾಗಿಲಲ್ಲಿ ತಡೆದೆ. ನಕ್ಕರು.

"ಅಮಾಸಿ ತನಕ ಅಷ್ಟ. ಶ್ರಾವಣದಾಗ ನಮ್ಮ ಮನ್ಯಾಗ ಯಾರೂ ಒಂದ ಹನಿ ಮುಟ್ಟಂಗಿಲ್ಲ, ಗೊತ್ತಿಲ್ಲೇನು? ಮತ್ತ ಕುಡದ್ರೂ ಟೈಮ್ ಬರಾಕತ್ತೈತಲ್ಲ! ಇಪ್ಪತ್ತೊಂಬತ್ತು, ಇಪ್ಪತ್ತೆಂಟು... ನೀನ ಹೇಳೀದಿ."

ಹೌದು, ನಾನೇ ಹೇಳಿದ್ದು. ಧೈರ್ಯ ಕೊಡಲು ಹೋಗಿ ಕುಡಿಯಲು ಪರವಾನಗಿ ಕೊಟ್ಟೆ. ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ.

ಜುಲೈ 24, ಗುರುವಾರ. ಅಮಾವಾಸ್ಯೆ

ಹೋದರು. ನಾಳೆಯಿಂದ ಶ್ರಾವಣ ಅಂತ ತಿಂಗಳದ್ದೆಲ್ಲ ಒಂದೇ ಸಂಜೆ ಕುಡಿದು ಮುಗಿಸುವ ಪೈಪೋಟಿ ಇವರಿಗೆ. ಬಂದವರು ಊಟ ಮಾಡಲಿಲ್ಲ. ಪರೀಕ್ಷೆಗೆ ಇನ್ನು ನಾಲ್ಕೇ ದಿನ.

ಜುಲೈ 25, ಶುಕ್ರವಾರ

6:52. ಹೇಳಿಬಿಟ್ಟೆ. ಹಳೆಯದ್ದನ್ನೂ ಎಲ್ಲ ಹೇಳಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮೈದಾನದ ಕಟ್ಟೆಯ ಮೇಲೆ ಕುಳಿತು ಶೂ ಬಿಚ್ಚಿದರು. "ಪಾಸಾಗೇ ಆಗ್ತೇನಂತ ಎಲ್ಲಾರ ಮುಂದ ಹೇಳ್ಕೊಂಡು ಅಡ್ಡಾಡೇನಿ," ಅಂದರು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಜುಲೈ 27, ಭಾನುವಾರ. ಬೆಳಿಗ್ಗೆ

ಶುಕ್ರವಾರದಿಂದ ಹನಿ ಮುಟ್ಟಿಲ್ಲ. ನಿನ್ನೆ ವಿಶ್ರಾಂತಿ, ಗಾಢ ನಿದ್ದೆ. ಇವತ್ತು ನಾಲ್ಕನೇ ಸುತ್ತಿನಲ್ಲೂ ಕಾಲು ಸೋಲಲಿಲ್ಲ. 6:27! ಎರಡು ಸಲ ನೋಡಿದೆ. "ಆರು ಇಪ್ಪತ್ತೇಳು ರೀ! ಖರೇನ!" ಎಂದು ಕೂಗಿದೆ.

ತಲೆ ಎತ್ತಲಿಲ್ಲ. "ಸಾಕು ಬಿಡು, ರಾಜಶ್ರೀ. ಮತ್ತ ಸಮಾಧಾನ ಮಾಡಬ್ಯಾಡ."

ಮೊಬೈಲನ್ನು ಮುಖದ ಮುಂದೆ ಹಿಡಿದೆ.

"ಚಾಲೂ ಮಾಡಿದಾಕಿ ನೀನ. ನಿಲ್ಲಿಸಿದಾಕಿನೂ ನೀನ," ಅಂದರು.

ಸಂಜೆ 5.30

ಹಾಲ್‌ಟಿಕೆಟ್, ಶೂ, ಟವೆಲ್ ಎಲ್ಲ ಚೀಲಕ್ಕೆ ತುಂಬಿದೆ. ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕು.

ಅನಿಲಕುಮಾರ ಬಂದಿದ್ದಾನೆ. ಅಂಗಳದಲ್ಲಿ ಅವನದೇ ದನಿ — "ಶ್ರಾವಣ ಸೋಮಾರ ನಾಳಿ ಐತಿ. ಇವತ್ತ ನಡೀತೈತಿ, ಬಾರಲೇ. ಹೆಂಗೂ ಆಗಂಗಿಲ್ಲ ಅಂತಿದಿ, ಮತ್ಯಾಕ ವಿಚಾರ?"

ಇವರು ಮೊಳೆಯ ಮೇಲಿನ ಅಂಗಿ ತೆಗೆದುಕೊಂಡರು.

ಎದ್ದು ಬಾಗಿಲಿಗೆ ಅಡ್ಡ ನಿಲ್ಲಬೇಕು. ನಿಂತು ಏನು ಹೇಳಲಿ? ಖರೆ ಹೇಳಿದರೂ ಸುಳ್ಳೆಂದೇ ತಿಳಿಯುತ್ತಾರೆ —