ಪಾತ್ರೆಯ ತಳ

ಪ್ರೀತಿಯ ಅತ್ತಿಗೆಗೆ,

ಊರ ಶಾಲೆಯಲ್ಲಿ ಏಳನೇ ತರಗತಿ ಮುಗಿಸುವಷ್ಟರಲ್ಲಿ ಇಬ್ಬರು ಮೇಷ್ಟ್ರನ್ನು ಓಡಿಸಿದವನು ನಾನು. ಎಲ್ಲರಿಗೂ ಹಾಗೆಂದೇ ಹೇಳುತ್ತೇನೆ. ಅವರು ತಾವಾಗಿಯೇ ವರ್ಗವಾಗಿ ಹೋದರೆಂಬುದು ನಿಮಗೆ ಗೊತ್ತು. ಯಾರ ಮುಂದೆಯೂ ಗಂಟೆಗಟ್ಟಲೆ ಬಡಾಯಿ ಕೊಚ್ಚಬಲ್ಲ ನನಗೆ ಈ ಒಂದು ಕಾಗದಕ್ಕೆ ಮೂರು ದಿನ ಹಿಡಿಯಿತು.

ಕೆಲಸ ಹುಡುಕುವ ನೆಪದಲ್ಲಿ ನಾಲ್ಕು ದಿನಕ್ಕೆಂದು ಬಂದು ನಿಮ್ಮ ಮನೆಯಲ್ಲಿ ಎಂಟು ತಿಂಗಳು ಝಂಡಾ ಊರಿದೆ. ಅಣ್ಣನದು ಕಾರ್ಖಾನೆಯ ಗೇಟು ಕಾಯುವ ಸಂಬಳ. ಮೂರು ಮಕ್ಕಳ ಜೊತೆಗೆ ನನ್ನದೊಂದು ಹೊಟ್ಟೆ, ಅದೂ ಇಬ್ಬರದಷ್ಟು ದೊಡ್ಡದು. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ ನೀವು ಬಾಡಿದ ಸೊಪ್ಪು, ಒಡಕು ಬೇಳೆ, ನುಚ್ಚಕ್ಕಿ ತರುತ್ತಿದ್ದಿರಿ. ಬೇರೆಯವರು ಎಸೆಯುವ ಹೂಕೋಸಿನ ದಂಟನ್ನು ಸಣ್ಣಗೆ ಹೆಚ್ಚಿ ಬೇಳೆಯಲ್ಲಿ ಬೇಯಿಸಿ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಪಕ್ಕದ ಮನೆಯವರೂ ಮೂಗು ಅರಳಿಸುತ್ತಿದ್ದರು.

ಆದರೆ ಪಾತ್ರೆ ಮಾತ್ರ ಅಡುಗೆಮನೆ ದಾಟುತ್ತಿರಲಿಲ್ಲ. ತಟ್ಟೆಗೆ ಒಳಗೇ ಬಡಿಸಿ ತರುತ್ತಿದ್ದಿರಿ. "ಇನ್ನೂ ಹಾಕ್ಲಾ? ಬೇಕಾದಷ್ಟಿದೆ" ಅನ್ನುತ್ತಿದ್ದಿರಿ. ಮಕ್ಕಳು ಎರಡನೇ ಸಲ ಕೇಳುತ್ತಿದ್ದರು, ಸಿಗುತ್ತಲೂ ಇತ್ತು. ಎಲ್ಲರದೂ ಮುಗಿದ ಮೇಲೆ ನೀವೊಬ್ಬರೇ ಒಳಗೆ ಕೂತು ಉಣ್ಣುತ್ತಿದ್ದಿರಿ.

ಒಂದು ಭಾನುವಾರ ನಾನು ಊಟದ ನಡುವೆ ಎದ್ದೆ. ದೊಡ್ಡ ಮನೆಗಳಲ್ಲಿ ಅವರವರೇ ಬಡಿಸಿಕೊಳ್ಳುವುದು ಎಂದು ಭಾಷಣ ಬಿಗಿಯುತ್ತಾ ಬೇಳೆಯ ಪಾತ್ರೆಯನ್ನು ತಂದು ಎಲ್ಲರ ನಡುವೆ ಇಟ್ಟು ಮುಚ್ಚಳ ತೆಗೆದೆ. ತಳದಲ್ಲಿ ಎರಡು ಸೌಟಿನಷ್ಟಿತ್ತು. ಎರಡನೇ ಸಲ ಕೇಳುವವರ ಪಾಲೂ ನಿಮ್ಮ ಪಾಲೂ ಅದರಲ್ಲೇ.

ಮಕ್ಕಳು ಇಣುಕಿ ನೋಡಿದರು. "ನಂಗೆ ಸಾಕು, ಹೊಟ್ಟೆ ತುಂಬ್ತು" ಅಂದಳು ದೊಡ್ಡವಳು. ಅವಳಿಗಾಗ ಒಂಬತ್ತು ವರ್ಷ. ಉಳಿದಿಬ್ಬರೂ ಅವಳ ಮುಖ ನೋಡಿ ತಲೆಯಾಡಿಸಿದರು. ಆಮೇಲೆ ಆ ಮನೆಯಲ್ಲಿ ಎರಡನೇ ಸಲ ಕೇಳಿದವರನ್ನು ನಾನು ಕಾಣಲಿಲ್ಲ.

ನೀವು ಬೈಯಲಿಲ್ಲ. ತಟ್ಟೆ ತೊಳೆಯುತ್ತಾ ಹೇಳಿದಿರಿ: "ಇರೋದ್ರಲ್ಲಿ ಹೊಟ್ಟೆ ತುಂಬಿಸೋಕೆ ನಂಗೆ ಬರ್ತಿತ್ತು ಕಣಪ್ಪಾ. ಇನ್ಮೇಲೆ ಅವು ನನ್ನ ಮುಖ ನೋಡ್ಕೊಂಡು ಉಣ್ತವೆ. ಅದಕ್ಕೇನು ಮಾಡ್ಲಿ?"

ಏನೋ ತಮಾಷೆ ಮಾಡಿ ಜಾರಿಕೊಂಡೆ.

ಮೊನ್ನೆ ದೊಡ್ಡವಳ ಮನೆಗೆ ಹೋಗಿದ್ದೆ. ಯಾವುದಕ್ಕೂ ಕೊರತೆಯಿಲ್ಲದ ಮನೆ. ನನಗೆ ಒತ್ತಾಯ ಮಾಡಿ ಬಡಿಸಿದಳು. ತನ್ನ ತಟ್ಟೆಗೆ ಹಾಕಿಕೊಳ್ಳುವ ಮೊದಲು ಪಾತ್ರೆ ವಾಲಿಸಿ ಒಳಗೆ ನೋಡಿ, ಅರ್ಧ ಸೌಟಿಗೇ "ನಂಗಿಷ್ಟು ಸಾಕು ಚಿಕ್ಕಪ್ಪ" ಅಂದಳು.

ಅದು ನನ್ನ ಜಂಬದ ಆಟವೆಂದುಕೊಂಡು ನೀವು ಇಷ್ಟು ವರ್ಷ ನನ್ನನ್ನು ಕ್ಷಮಿಸುತ್ತಾ ಬಂದಿರಿ. ಜಂಬವಲ್ಲ ಅತ್ತಿಗೆ. ಒಳ್ಳೆಯದನ್ನೆಲ್ಲ ಒಳಗೆ ನಿಮಗೊಬ್ಬರಿಗೇ ಎತ್ತಿಟ್ಟುಕೊಳ್ಳುತ್ತೀರಿ ಎಂದು ನನಗೆ ಅನುಮಾನವಿತ್ತು. ಎಲ್ಲರ ಮುಂದೆ ನಿಮ್ಮನ್ನು ಹಿಡಿದುಹಾಕಬೇಕೆಂದೇ ಆ ಪಾತ್ರೆ ಹೊತ್ತು ತಂದೆ.

ಇನ್ನು ನನ್ನನ್ನು ಮನೆಗೆ ಕರೆಯುವುದು ಬಿಡುವುದು ನಿಮಗೆ ಸೇರಿದ್ದು. ಇನ್ನುಳಿದ ದಿನಗಳಲ್ಲಾದರೂ ಬಿಸಿ ಅನ್ನದ ಮೊದಲ ತಟ್ಟೆ ನಿಮ್ಮದಾಗಲಿ.

ತಲೆ ತಗ್ಗಿಸಿ ನಿಂತ,
ನಿಮ್ಮ ಮೈದುನ