ಕೂರುಗಾಡಿಯಿಂದ ಇಳಿದ ನನ್ನ ಅತ್ತೆ

ರಾಣೆಬೆನ್ನೂರು, ಫೆಬ್ರವರಿ ೩೦, ೨೧೮೯

ಇನ್ನೂ ಸ್ವಂತ ಕಾಲಿನ ಮೇಲೆ ಓಡಾಡುತ್ತಿರುವ ಹಿರಿಯರೇ,

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನನ್ನ ಕೆಲವು ಮಾತುಗಳೂ ನಿಮ್ಮ ಬಾಯಲ್ಲಿಲ್ಲ. ಮನ್ನಿಸಿ ಓದಿ. ನಾನು ನೀಲಗಂಗಾ, ಇಪ್ಪತ್ತೆರಡು ವರ್ಷದವಳು.

ನಮ್ಮಲ್ಲಿ ಕೂಸಿಗೆ ಹೆಸರಿಟ್ಟ ದಿನವೇ ಕೂರುಗಾಡಿ ಕೊಡುತ್ತಾರೆ. ಗಾಲಿಯ ಮೇಲಿನ ಕುರ್ಚಿ ಅದು. ನಮ್ಮ ಜೊತೆಗೇ ಬೆಳೆಯುತ್ತದೆ. ಅಡುಗೆ, ಕೆಲಸ, ಸಂತೆ, ಮದುವೆಯ ಅಕ್ಷತೆ ಎಲ್ಲವೂ ಅದರ ಮೇಲೆಯೇ. ಮನೆಗೆ ಬಂದವರು ಎದ್ದು ನಿಂತರೆ ಸಿಟ್ಟಾದರೆಂದು ಅರ್ಥ. ಮೂವತ್ತಕ್ಕೇ ಸಕ್ಕರೆ ಕಾಯಿಲೆ, ನಲವತ್ತಕ್ಕೆ ಎದೆನೋವು. ಅದನ್ನು ವಯಸ್ಸು ಎನ್ನುತ್ತೇವೆ.

ನಿಮ್ಮ ಕಾಲದ ಕರಪತ್ರಗಳ ಒಂದು ಕಟ್ಟು ನನಗೆ ಮುಚ್ಚಿದ ಶಾಲೆಯೊಂದರ ಅಟ್ಟದಲ್ಲಿ ಸಿಕ್ಕಿತು. 'ಅರ್ಧ ಗಂಟೆಗೊಮ್ಮೆ ಏಳಿ, ನಾಲ್ಕು ಹೆಜ್ಜೆ ಹಾಕಿ.' ಓದಿ ಮೈ ಉರಿದುಹೋಯಿತು. ಇಷ್ಟು ಸುಲಭದ ಮಾತನ್ನು ನಮ್ಮಿಂದ ಯಾರು ಮುಚ್ಚಿಟ್ಟರು? ಗೆಳತಿಯರೊಡನೆ 'ಎದ್ದವರ ಕೂಟ' ಕಟ್ಟಿದೆ, ಓಣಿಯ ಗೋಡೆಗಳಿಗೆಲ್ಲ ಕರಪತ್ರ ಅಂಟಿಸಿದೆ.

ನನ್ನನ್ನು ಸಾಕಿದ ಸೋದರತ್ತೆ ಗುರುಬಸವ್ವ ನಗುತ್ತಿದ್ದಳು: "ನಿಂತು ನಿಂತು ಕೊಕ್ಕರೆ ಆಗ್ತಿ ನೋಡವಾ, ಯಾರ ಮಾಡ್ಕೋತಾರ ನಿನ್ನ?" ಆದರೂ ನನ್ನ ಹಟಕ್ಕೆ ದಿನವೂ ಗೋಡೆ ಹಿಡಿದು ಹತ್ತು ಹೆಜ್ಜೆ ಇಡತೊಡಗಿದಳು. ತಿಂಗಳೊಪ್ಪತ್ತಿನಲ್ಲಿ ಹೊಸ್ತಿಲು ದಾಟಿದಳು. ಅವಳ ಹಿಗ್ಗು ನೋಡಬೇಕಿತ್ತು.

ಆಮೇಲೆ ದೂರದ ಊರಿನ ಮದುವೆಯೊಂದಕ್ಕೆ ಹದಿನೆಂಟು ತಾಸು ಕೂರುಗಾಡಿಯಲ್ಲೇ ಹೋಗಿಬಂದಳು. ಮರುದಿನ ಎಡಗಾಲಿನ ಮೀನಖಂಡ ಊದಿ ಬಿಸಿಯಾಗಿತ್ತು. "ಭಾಳ ನೋಯ್ತೈತಿ, ಇವತ್ತೊಂದಿನ ಬಿಡವಾ" ಎಂದಳು. ಸೋಮಾರಿತನದ ನೋವು, ನಡೆದರೆ ಹೋಗುತ್ತದೆ ಎಂದು ಗದರಿದೆ. ಮೂರು ದಿನ ನಡೆಸಿದೆ. ನಾಲ್ಕನೆಯ ದಿನ ಉಸಿರು ಸಿಗದೆ ನನ್ನ ತೋಳಿನಲ್ಲೇ ಹೋದಳು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತ್ತು ಎಂದರು ವೈದ್ಯರು.

ಮಳೆ ಬಂದು ಗೋಡೆಯ ಕರಪತ್ರ ಕಳಚಿದಾಗ ಅದರ ಹಿಂಬದಿಯನ್ನು ಮೊದಲ ಸಲ ಓದಿದೆ: ಒಂದೇ ಕಾಲು ಊದಿ ನೋಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ಆ ಸಾಲಿನ ಮೇಲೆ ನಾನು ಅಂಟು ಬಳಿದಿದ್ದೆ.

ಕೂಟವನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅವಳನ್ನು ಕೊಂದದ್ದು ಹದಿನೆಂಟು ತಾಸಿನ ಆ ಕುರ್ಚಿಯೇ. ಆದರೆ ಉಳಿಸಬಹುದಾಗಿದ್ದ ಮೂರು ದಿನ ನನ್ನ ಕೈಯಲ್ಲಿದ್ದವು. ನಿಮ್ಮ ಕಾಲುಗಳು ಇನ್ನೂ ನಿಮ್ಮ ಮಾತು ಕೇಳುತ್ತವೆ. ಈ ಕಾಗದ ಮುಗಿದೊಡನೆ ಏಳಿ. ಪಕ್ಕದಲ್ಲಿ ಬೆಳಗಿನಿಂದ ಕೂತವರನ್ನೂ ಕರೆದುಕೊಂಡು ಬೀದಿಯ ತುದಿಯವರೆಗೆ ಹೋಗಿಬನ್ನಿ. ಅವರು ಕಾಲು ನೋಯುತ್ತದೆ ಎಂದರೆ ಎಲ್ಲಿ, ಎಂದಿನಿಂದ ಎಂದು ಕೇಳಿ. ನಾನು ಕೇಳಲಿಲ್ಲ.

ನಿಮ್ಮ ಮರಿಮಕ್ಕಳ ಮರಿಮಗಳು,
ನೀಲಗಂಗಾ